ಪೆಟ್ರೋಲ್ ಟ್ಯಾಂಕಿನ ಬೆಲ್ಲ

"ಕೈ ತೆಗೀರಿ."

"ತೆಗಿಯಾಕಿಲ್ಲ!"

ಫಟಫಟಿಯ ಹ್ಯಾಂಡಲಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಅವಳ ಕೈಯಲ್ಲಿ. ಹೊಳಲಿನ ಕರಿಯಪ್ಪನವರ ಅಂಗಳದಲ್ಲಿ ಅರ್ಧ ಊರೇ ನೆರೆದಿತ್ತು. ಕಬ್ಬು ಕಡಿಯುವ ಕಾಲ, ಎಲ್ಲರಿಗೂ ಕೈತುಂಬ ಕೆಲಸ. ಆದರೂ ಪಕ್ಕದ ಮನೆಯ ಜಗಳ ನೋಡುವುದಕ್ಕಿಂತ ದೊಡ್ಡ ಕೆಲಸ ಯಾವುದಿದೆ ಹೇಳಿ!

ಸಾವಿರದ ಒಂಬೈನೂರ ನಲವತ್ತನಾಲ್ಕನೇ ಇಸವಿ. ಸಂಕ್ರಾಂತಿ ಕಳೆದು ವಾರವಾಗಿತ್ತು.

ಹೊಂಬಾಳಮ್ಮ ಕರಿಯಪ್ಪನವರ ಮಗಳು. ಇಪ್ಪತ್ತು ವರ್ಷದ ಹುಡುಗಿ ಪರಗಂಡಸಿನ ಎದುರು ಹೀಗೆ ನಿಲ್ಲುವುದುಂಟೇ ಎಂದು ಹೆಂಗಸರು ಮೂಗಿನ ಮೇಲೆ ಬೆರಳಿಟ್ಟಿದ್ದರು. ಅವಳಿಗೆ ಅದು ಯಾವುದೂ ಕಾಣುತ್ತಿರಲಿಲ್ಲ. ಆ ಮೋಟಾರ್ ಸೈಕಲ್ ಅವಳ ಅಣ್ಣ ಪುಟ್ಟಸ್ವಾಮಿಯದು. ಯುದ್ಧಕ್ಕೆ ಹೋದ ಅಣ್ಣ ತಿರುಗಿ ಬರಲಿಲ್ಲ, ತಂತಿ ಬಂತು. ಅಂದಿನಿಂದ ಎರಡು ವರ್ಷ ಗಾಡಿ ಗೋಣಿತಾಟು ಹೊದ್ದು ಕೊಟ್ಟಿಗೆಯಲ್ಲಿ ನಿಂತಿತ್ತು. ಅದನ್ನು ಕಂಡಾಗಲೆಲ್ಲ ತಾಯಿ ಇಂದ್ರಮ್ಮ ಅನ್ನ ಬಿಡುತ್ತಿದ್ದಳು. ಕೊನೆಗೆ ಕರಿಯಪ್ಪನವರು ಮನಸ್ಸು ಕಲ್ಲು ಮಾಡಿಕೊಂಡು, ಕೇಳಿಕೊಂಡು ಬಂದವನಿಗೆ ಮಾರಿಬಿಟ್ಟರು.

ಬಂದವನು ನಿಂಗರಾಜು. ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುವ ಸರ್ಕಾರಿ ಕೆಲಸ ಅವನದು. ಖಾಕಿ ಕೋಟು, ಬಿಸಿಲಿಗೆ ಕರ್ರಗಾದ ಮುಖ, ಅಳೆದು ತೂಗಿ ಮಾತು.

"ನೋಡಿ, ತೀರಿಕೊಂಡೋರ ಗಾಡಿ ಅಂತ ನಂಗೂ ಗೊತ್ತು. ಜೋಪಾನವಾಗಿ ನೋಡ್ಕತೀನಿ," ಎಂದ ಮೆಲ್ಲಗೆ.

'ಅಬ್ಬಾ, ಎಷ್ಟು ನಯ! ಇಷ್ಟು ನಯವಾಗಿ ಮಾತಾಡುವವರು ಒಳಗೊಂದು ಹೊರಗೊಂದು ಇಟ್ಟುಕೊಂಡೇ ಇರುತ್ತಾರೆ...'

ಮೊದಲ ನೋಟದಲ್ಲೇ ಹೊಂಬಾಳಮ್ಮನಿಗೆ ಅನುಮಾನ ಬಂತು. ಅನುಮಾನದ ಜೊತೆಗೆ ಇನ್ನೊಂದು ಏನೋ ಬಂತು. ಅದಕ್ಕೆ ಹೆಸರಿಡಲು ಅವಳು ಸುತರಾಂ ಒಪ್ಪಲಿಲ್ಲ.

"ಕೈ ಬುಡವ್ವ. ಕೊಟ್ಟ ಮಾತು ಕೊಟ್ಟಾಯ್ತು," ಎಂದರು ಕರಿಯಪ್ಪ. ಆಮೇಲೆ ನಿಂಗರಾಜುವಿನ ಕಡೆ ತಿರುಗಿ, "ಒಂದು ದೋಸ ಇಲ್ದಿರೋ ಗಾಡಿ ಕಣಪ್ಪ. ಇದು ಕರಿಯಪ್ಪನ ಮಾತು. ನನ್ನ ಮಾತಿಗಿಂತ ದೊಡ್ಡ ಕಾಗ್ದ ಬೇಕಾ ನಿಂಗೆ?" ಎಂದು ಕೇಳಿದರು.

"ಬೇಡ ಗೌಡ್ರೇ. ನಿಮ್ಮ ಮಾತೇ ಸಾಕು."

ಹೊಂಬಾಳ ಅಪ್ಪನ ಕಡೆ ತಿರುಗಿ ನೋಡಿದಳು. ದೋಷವಿಲ್ಲವೇ? ಟ್ಯಾಂಕಿನ ತಳದಲ್ಲಿ ಒಂದು ಹಳೆಯ ಗಾಯವಿದೆ. ಅದು ಗೊತ್ತಿದ್ದದ್ದು ಇಬ್ಬರಿಗೆ, ಅಣ್ಣನಿಗೆ ಮತ್ತು ಅವಳಿಗೆ. ಈಗ ಹೇಳಿದರೆ ಮಾರಾಟವೇ ನಿಂತರೂ ನಿಂತೀತು! ಮಾತು ನಾಲಗೆಯ ತುದಿಗೆ ಬಂತು. ಆದರೆ ಅಪ್ಪಯ್ಯನಿಗೆ ಎಂದೆಂದೂ ಹೇಳುವುದಿಲ್ಲ ಎಂದು ಅಣ್ಣನ ಕೈ ಹಿಡಿದು ಆಣೆ ಮಾಡಿದ್ದಳಲ್ಲ... ಅಷ್ಟಕ್ಕೂ ಐದು ವರ್ಷದಿಂದ ಒಂದು ಹನಿ ಸೋರಿಲ್ಲ, ಮಾಗಿದ ಗಾಯ. ಅವಳು ತುಟಿ ಕಚ್ಚಿ ಸುಮ್ಮನಾದಳು.

ಕೊಟ್ಟಿಗೆಯ ಮೂಲೆಯಲ್ಲಿ ಬಾಯಿಗೆ ಬೆಸುಗೆ ಹಾಕಿಸಿದ ಒಂದು ಪೆಟ್ರೋಲ್ ಡಬ್ಬವಿತ್ತು. "ಇದನ್ನ ಯಾರೂ ಮುಟ್ಬೇಡಿ, ಬಂದ್ಮೇಲೆ ನಾನೇ ಉಯ್ಕತೀನಿ" ಎಂದು ಪುಟ್ಟಸ್ವಾಮಿ ಹೇಳಿ ಹೋಗಿದ್ದ ಡಬ್ಬ. ಕರಿಯಪ್ಪ ಅದನ್ನು ಒಡೆದು ಟ್ಯಾಂಕಿಗೆ ಸುರಿದರು. ನಾಲ್ಕು ಸಲ ಒದ್ದ ಮೇಲೆ ಗಾಡಿ ಕೂಗಿತು. ಅದೇ ಸದ್ದು! ಒಳಗಿನಿಂದ ಇಂದ್ರಮ್ಮನ ಬಿಕ್ಕು ಕೇಳಿತು.

ಹೊಂಬಾಳ ಕೈ ಬಿಟ್ಟಳು. ಕಣ್ಣು ತುಂಬಿತ್ತು, ಆದರೆ ದನಿ ಬಿಗಿಯಾಗಿತ್ತು.

"ಈ ಗಾಡಿ ನಿಮ್ತವ ನಿಲ್ಲಾಕಿಲ್ಲ. ಬರಕಂಡು ಮಡೀಕಳಿ!"

ಅವನು ಅವಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಗಾಡಿ ಹತ್ತಿ ಹೋದ.

* * *

ಎಂಟನೆಯ ದಿನ ಅವನು ತಿರುಗಿ ಬಂದ. ಗಾಡಿಯಲ್ಲಲ್ಲ, ಮಂಡ್ಯದಿಂದ ನಡೆದುಕೊಂಡು!

ಕರಿಯಪ್ಪನವರ ಆಲೆಮನೆಯಲ್ಲಿ ಗಾಣ ತಿರುಗುತ್ತಿತ್ತು. ಕೊಪ್ಪರಿಗೆಯಲ್ಲಿ ಪಾಕ ಕುದಿದು ಅಚ್ಚಿಗೆ ಸುರಿಯುವ ಹದಕ್ಕೆ ಬಂದಿತ್ತು. ಆಲೆಮನೆಗೆ ಒಂದು ಕಟ್ಟಳೆಯಿದೆ. ಬಂದವನು ಹಗೆಯಾದರೂ ಸರಿ, ಬೆಲ್ಲ ಕೊಡದೆ ಕಳಿಸಬಾರದು. ಕೊಟ್ಟದ್ದನ್ನು ಬಂದವನು ಬೇಡ ಅನ್ನಬಾರದು.

"ಬಾಪ್ಪ ಬಾ. ಮೊದ್ಲು ಬಾಯಿ ಸೀ ಮಾಡ್ಕೊ," ಎಂದು ಕರಿಯಪ್ಪ ಮುತ್ತುಗದ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿ ಮುಂದೆ ಹಿಡಿದರು.

"ಬೇಡ ಗೌಡ್ರೇ. ನಿಮ್ಮನೆ ಬೆಲ್ಲ ಆಗ್ಲೇ ತಿಂದಾಯ್ತು. ನಾನಲ್ಲ, ನನ್ನ ಗಾಡಿ!"

ಗಾಣದ ಎತ್ತು ಹೊಡೆಯುತ್ತಿದ್ದವನು ಎತ್ತು ನಿಲ್ಲಿಸಿದ. ಕಬ್ಬು ಹೊತ್ತವರು ಹೊರೆ ಇಳಿಸದೆ ನಿಂತರು. ನಿಂಗರಾಜು ಕೋಟಿನ ಜೇಬಿನಿಂದ ಒಂದು ಗಾಜಿನ ಸೀಸೆ ತೆಗೆದು ಕಟ್ಟೆಯ ಮೇಲಿಟ್ಟ. ಅದರೊಳಗೆ ಕಂದು ಬಣ್ಣದ, ಅಂಟಂಟಾದ, ಗಟ್ಟಿ ಪಾಕದಂಥದ್ದು ಏನೋ ಇತ್ತು.

"ಪೆಟ್ರೋಲ್ ಟ್ಯಾಂಕಿಗೆ ಯಾರೋ ಬೆಲ್ಲ ಹಾಕವ್ರೆ. ಮೊದ್ಲು ಚೆನ್ನಾಗೇ ಓಡ್ತು. ಮೂರನೆ ದಿನ ಮಂಡ್ಯದಲ್ಲಿ ಕೂಪನ್ ಕೊಟ್ಟು ಪೆಟ್ರೋಲ್ ತುಂಬಿಸ್ದೆ. ಮಾರನೆ ದಿನ ಹಲಗೂರು ಇನ್ನೂ ಮೂರು ಮೈಲಿ ಇದೆ ಅನ್ನುವಾಗ ಕೆಮ್ಮಿ ಕೆಮ್ಮಿ ನಿಂತೋಯ್ತು. ದಾಕಿನ ಮದ್ದು ಬಿಸಿಲು ತಡಿಯಲ್ಲ ಗೌಡ್ರೇ. ಪೂರಾ ಕೆಟ್ಟೋಯ್ತು. ಅಲ್ಲಿ ನಲವತ್ತು ಮಕ್ಕಳು ತೋಳು ಬಿಚ್ಕಂಡು ಕಾಯ್ತಾ ಕೂತಿದ್ವು! ಬಸ್ಸಿನ ಮೇಲೆ ಕಟ್ಟಿಸ್ಕಂಡು ಮಂಡ್ಯದ ಪಕ್ಕ ಗುತ್ತಲಿನಲ್ಲಿ ಗಾಡಿ ರಿಪೇರಿ ಮಾಡೋ ನಜೀರ್ ಅಹ್ಮದ್ ಶೆಡ್ಡಿಗೆ ತಂದೆ. ಬಿಚ್ಚಿ ನೋಡಿದ್ರೆ ಎಲ್ಲ ಕಡೆ ಇದೇ ಪಾಕ."

ಮಾತು ನಿಲ್ಲಿಸಿ ಅವನು ಹೊಂಬಾಳಮ್ಮನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚು ನೋವಿತ್ತು.

"ಗಾಡಿ ನನ್ ಹತ್ರ ನಿಲ್ಲಲ್ಲ ಅಂದಿದ್ರಿ. ನಿಲ್ಲದಂಗೆ ನೋಡ್ಕಂಡ್ರಿ, ಅಲ್ವಾ?"

ಹೊಂಬಾಳಮ್ಮನ ಮೈಯೆಲ್ಲ ಉರಿದುಹೋಯಿತು.

"ಏನಂದ್ರಿ? ನಮ್ಮಣ್ಣಯ್ಯನ ಗಾಡಿಗೆ ನಾನು ಬೆಲ್ಲ ಉಯ್ತೀನಾ? ನಿಮಗೆ ಓಡ್ಸಾಕೆ ಬರ್ದೆ ಕೆಡಿಸ್ಕಂಡು, ಈಗ ವಾಪಸ್ ಕೊಡಾಕೆ ಕತೆ ಕಟ್ಕಂಡು ಬಂದಿದ್ದೀರಿ! ಆ ಸೀಸೇಲಿರೋದನ್ನ ನೀವೇ ಕಲಸ್ಕಂಡು ಬಂದಿದ್ರೆ ಯಾರಿಗ್ಗೊತ್ತು?"

"ನಾನ್ಯಾಕೆ ಹಂಗೆ ಮಾಡ್ಲಿ?"

"ನಾನ್ಯಾಕೆ ಮಾಡ್ಲಿ?"

ಕರಿಯಪ್ಪನವರು ಎಲೆಯನ್ನು ಕಟ್ಟೆಯ ಮೇಲಿಟ್ಟರು. ಅರವತ್ತು ವರ್ಷದಲ್ಲಿ ಅವರ ಬೆಲ್ಲವನ್ನು ಬೇಡ ಎಂದವರಿಲ್ಲ, ಅವರ ಮಾತನ್ನು ಸುಳ್ಳು ಎಂದವರಿಲ್ಲ.

"ಕೇಳಪ್ಪ. ನನ್ನ ಆಲೆಮನೆ ಬೆಲ್ಲ ಆ ಗಾಡೀಲಿ ಇದ್ದುದ್ದೇ ಆದ್ರೆ, ಇವತ್ತಿಂದ ಈ ಒಲೆ ಹಚ್ಚಾಕಿಲ್ಲ. ಇಲ್ದೋದ್ರೆ, ನೀನು ಸರ್ಕಾರದ ಮದ್ದನ್ನ ಬಿಸಿಲಿಗಿಕ್ಕಿ ಕೆಡಿಸಿ ನಮ್ಮ ಮ್ಯಾಲೆ ಎತ್ತಾಕ್ದೆ ಅಂತ ಮಳವಳ್ಳಿ ಅಮಲ್ದಾರ್ರ ಮುಂದೆ ನಿಂತು ಏಳ್ತೀನಿ. ನಾಳೀಕೇ!"

ನಿಂಗರಾಜುವಿನ ಮುಖದ ರಕ್ತ ಇಂಗಿತು. ಮದ್ದು ಕೆಟ್ಟ ವಿಷಯ ಮೇಲಿನವರಿಗೆ ಹೀಗೆ ದೂರಾಗಿ ಹೋದರೆ ಕೆಲಸ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಬೇಡಿಕೊಳ್ಳಲಿಲ್ಲ. ಕೈ ಮುಗಿದು ಹೊರಟುಬಿಟ್ಟ. ಎಲೆಯ ಮೇಲಿನ ಬೆಲ್ಲ ಕಟ್ಟೆಯ ಮೇಲೆಯೇ ಆರಿತು. ಸೀಸೆಯೂ ಅಲ್ಲೇ ಉಳಿಯಿತು.

* * *

ಅನುಮಾನ ಒಂದು ಮನೆಗೆ ಬಂದರೆ ಬಾಗಿಲಲ್ಲೇ ನಿಲ್ಲುವುದಿಲ್ಲ, ಅಡುಗೆಮನೆಯವರೆಗೂ ಬರುತ್ತದೆ.

ಮನೆಗೆ ಬಂದ ಕರಿಯಪ್ಪ ಕಾಲು ತೊಳೆದುಕೊಂಡು ಜಗುಲಿಯ ಮೇಲೆ ಕುಳಿತರು. ಆಮೇಲೆ ಮಗಳ ಮುಖ ನೋಡದೆ ಕೇಳಿದರು:

"ಅವ್ವಾ... ನನ್ತವ ನಿಜ ಏಳ್ಬುಡು. ಗಾಡಿ ಓಗಬಾರ್ದು ಅಂತ ನಿಂಗೆ ಸಂಕ್ಟ ಇತ್ತು. ಏನಾರ ಆಕುದ್ಯಾ?"

"ಅಪ್ಪಯ್ಯಾ!"

"ಕೇಳ್ದೆ ಅಷ್ಟೇಯ."

ಇಂದ್ರಮ್ಮ ಬಾಗಿಲ ಸಂದಿಯಲ್ಲಿ ನಿಂತು ಮಗಳನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲೂ ಅದೇ ಪ್ರಶ್ನೆ! ಹೊರಗಿನವನು ಅಂದರೆ ಅನ್ನಲಿ... ಹೆತ್ತವರೂ?

'ಎಲ್ಲ ಆ ಮನುಷ್ಯನಿಂದ! ಅವನು ಸುಳ್ಳುಗಾರನೆಂದು ನಾನೇ ತೋರಿಸುತ್ತೇನೆ. ನಾಳೆ ಅಪ್ಪಯ್ಯ ಮಳವಳ್ಳಿಗೆ ಹೋಗುವಾಗ ಸಾಕ್ಷಿ ಕೈಯಲ್ಲೇ ಇರುತ್ತದೆ!'

ಆಲೆಮನೆಗೆ ಓಡಿ ಸೀಸೆ ತಂದಳು. ಬೆಲ್ಲದವರ ಮನೆಯ ಹುಡುಗಿಗೆ ಬೆಲ್ಲ ಪರೀಕ್ಷೆ ಮಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಿಸಿನೀರಿಗೆ ಹಾಕಿದರೆ ಬೆಲ್ಲ ಎರಡು ಗಳಿಗೆಯಲ್ಲಿ ಮಾಯವಾಗಬೇಕು. ಒಲೆಯ ಮೇಲಿನ ಹಂಡೆಯಿಂದ ಚೊಂಬಿಗೆ ನೀರು ಬಗ್ಗಿಸಿ, ಕಡ್ಡಿಯಲ್ಲಿ ಆ ಪಾಕ ತೆಗೆದು ಅದ್ದಿದಳು.

ಕರಗಲಿಲ್ಲ.

ಇನ್ನೊಂದಿಷ್ಟು ಹೊತ್ತು ಕಲಕಿದಳು. ನೀರು ನೀರಾಗಿಯೇ ಇತ್ತು. ಪಾಕ ಕಡ್ಡಿಗೆ ಅಂಟಿಕೊಂಡು ಗಟ್ಟಿಯಾಯಿತು.

"ಬೆಲ್ಲ ಅಲ್ಲ! ಅವ್ವಾ, ಇದು ಬೆಲ್ಲನೇ ಅಲ್ಲ!"

ಗೆದ್ದೆ ಎಂದುಕೊಂಡಳು. ಅವನ ಮುಖ ಸಪ್ಪಗಾಗುವುದನ್ನು ಮನಸ್ಸಿನಲ್ಲೇ ಕಂಡು ಖುಷಿಪಟ್ಟಳು. ಹಾಗಾದರೆ ಇದೇನು? ಸುಮ್ಮನೆ ಕುತೂಹಲಕ್ಕೆ ಕಡ್ಡಿಯನ್ನು ಒಲೆಯ ಕೆಂಡದ ಹತ್ತಿರ ಹಿಡಿದಳು. ಗಟ್ಟಿಯಾದದ್ದು ಮೆತ್ತಗಾಯಿತು, ಗುಳ್ಳೆ ಎದ್ದಿತು, ಎಳೆ ಎಳೆಯಾಗಿ ಇಳಿಯಿತು. ಒಂದು ವಾಸನೆ ಮೂಗಿಗೆ ಬಡಿಯಿತು...

ಹೊಂಬಾಳಮ್ಮನ ಕೈ ಹಾಗೇ ನಿಂತುಹೋಯಿತು.

ಆ ವಾಸನೆ ಅವಳಿಗೆ ಗೊತ್ತು. ಪ್ರತಿ ವರ್ಷ ಕಬ್ಬಿನ ಕಟಾವಿಗೆ ಮುಂಚೆ ಮನೆಯ ಕುಡುಗೋಲುಗಳಿಗೆಲ್ಲ ಮರದ ಹಿಡಿ ಕೂರಿಸುವವಳು ಅವಳೇ. ಹಿಡಿಯ ತೂತಿಗೆ ಕಾಸಿದ ಅರಗು ತುಂಬಿ, ಕುಡುಗೋಲಿನ ಬಾಲ ಒತ್ತಿ ಹಿಡಿದರೆ ಸಾಯುವತನಕ ಅಲ್ಲಾಡುವುದಿಲ್ಲ.

ಅರಗು... ಇದು ಅರಗು!

* * *

ಐದು ವರ್ಷದ ಹಿಂದೆ, ಒಂದು ಬೆಳಗಿನ ಜಾವ. ನಾಲೆಯ ಏರಿಯ ಮೇಲೆ ಯಾರೂ ಇರಲಿಲ್ಲ. "ಇಡ್ಕಂಡು ಕೂತ್ಕೊ ಅಂದ್ರೆ ಬತ್ತೀನಿ, ಓಡ್ಸು ಅಂದ್ರೆ ಎದ್ರಿಕೆ ಕಣಣ್ಣಯ್ಯ," ಎಂದಿದ್ದಳು. "ಎದ್ರಿಕೊಂಡ್ರೆ ಈ ಜನ್ಮದಲ್ಲಿ ಕಲಿಯಾಕಿಲ್ಲ ಕಣಮ್ಮಿ," ಎಂದು ಪುಟ್ಟಸ್ವಾಮಿ ಅವಳನ್ನು ಮುಂದೆ ಕೂರಿಸಿ ಹಿಂದೆ ಕುಳಿತಿದ್ದ. ಮೂರು ದಿನ ಚೆನ್ನಾಗಿ ಓಡಿಸಿದಳು. ನಾಲ್ಕನೆಯ ದಿನ ತಿರುವಿನಲ್ಲಿ ಗಾಡಿ ಜಾರಿ, ಟ್ಯಾಂಕಿನ ತಳ ಮೈಲಿಗಲ್ಲಿಗೆ ಬಡಿದು ತೂತಾಯಿತು.

ಮಗಳು ಫಟಫಟಿ ಓಡಿಸಿದಳೆಂದು ಗೊತ್ತಾಗಿದ್ದರೆ ಕರಿಯಪ್ಪನವರು ಗಾಡಿಯನ್ನು ನಾಲೆಗೆ ನೂಕುತ್ತಿದ್ದರು. ಗುಟ್ಟಾಗಿ ಟ್ಯಾಂಕು ಬಿಚ್ಚಿ, ತೊಳೆದು, ಬಿಸಿಲಲ್ಲಿ ಒಣಗಿಸಿದರು. ಅರಗು ಕಾಸಿ ಒಳಗೆ ಸುರಿದು, ಟ್ಯಾಂಕನ್ನು ಅತ್ತಿತ್ತ ವಾಲಿಸಿ ತಳಕ್ಕೆಲ್ಲ ಹಿಡಿಯುವ ಹಾಗೆ ಮಾಡಿದವಳು ಹೊಂಬಾಳ. ಪೆಟ್ರೋಲು ಹಾಕಿದರು, ಸೋರಲಿಲ್ಲ. ಅಣ್ಣ ತಂಗಿ ನಕ್ಕೂ ನಕ್ಕೂ ಸುಸ್ತಾದರು. ಆಣೆಯಾಯಿತು. ಅಣ್ಣ ಆ ಆಣೆಯನ್ನು ತನ್ನ ಜೊತೆಗೇ ಒಯ್ದ.

ಈಗ ಏನು ಮಾಡುವುದು?

ಸುಮ್ಮನಿದ್ದರೆ ಅಪ್ಪಯ್ಯ ಮಳವಳ್ಳಿಗೆ ಹೋಗುತ್ತಾರೆ. ಬೆಲ್ಲವಲ್ಲ ಎಂದು ಅವಳೇ ಕೂಗಿ ಹೇಳಿ ಆಗಿದೆ. ಒಬ್ಬ ನಿರಪರಾಧಿಯ ಕೆಲಸ ಹೋಗುತ್ತದೆ. ಬಾಯಿ ಬಿಟ್ಟರೆ "ಒಂದು ದೋಸ ಇಲ್ಲ" ಎಂದ ಅಪ್ಪಯ್ಯನ ಮಾತು ಹತ್ತು ಜನರ ಮುಂದೆ ಸುಳ್ಳಾಗುತ್ತದೆ. ಅಣ್ಣನ ಆಣೆಯೂ ಮುರಿಯುತ್ತದೆ. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ!

'ಅವನನ್ನು ಸುಳ್ಳುಗಾರ ಅಂದೆನಲ್ಲ... ಮುಚ್ಚಿಟ್ಟವಳು ನಾನು!'

* * *

ಬೆಳಗ್ಗೆ ಕರಿಯಪ್ಪ ಗಾಡಿಗೆ ಎತ್ತು ಹೂಡಿಸಿದರು. ಮಂಡ್ಯಕ್ಕೆ ಹೋಗಿ ಅಲ್ಲಿಂದ ಮಳವಳ್ಳಿಯ ಬಸ್ಸು ಹಿಡಿಯುವ ಯೋಚನೆ ಅವರದು. ಹೊಂಬಾಳ ಹೇಳದೆ ಕೇಳದೆ ಗಾ‍ಡಿ ಹತ್ತಿ ಕುಳಿತಳು.

"ಮೊದ್ಲು ಗುತ್ತಲಿಗೆ ಓಗಾನ ಅಪ್ಪಯ್ಯ. ಫಟಫಟಿನ ಕಣ್ಣಲ್ಲಿ ನೋಡ್ದೆ ದೂರು ಕೊಟ್ರೆ ಯಾರು ನಂಬ್ತಾರೆ?"

ನಜೀರ್ ಅಹ್ಮದನ ಶೆಡ್ಡಿನ ಮುಂದೆ ಫಟಫಟಿ ಬಿಚ್ಚಿ ಹಾಕಿದ್ದರು. ಪಕ್ಕದ ಕಲ್ಲಿನ ಮೇಲೆ ನಿಂಗರಾಜು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಅವರನ್ನು ಕಂಡು ಎದ್ದು ನಿಂತ.

"ಬನ್ನಿ ಗೌಡ್ರೇ, ಬನ್ನಿ. ಅರೆ, ನಮ್ ಪುಟ್ಟಸ್ವಾಮಿ ತಂಗಿನೂ ಬಂದವ್ಳೆ!" ಎಂದ ನಜೀರ್. ಅವನು ಪುಟ್ಟಸ್ವಾಮಿಯ ಗೆಳೆಯ. ಈ ಗಾಡಿಯನ್ನು ಮಗುವಿನ ಹಾಗೆ ನೋಡಿಕೊಂಡಿದ್ದವನು.

ಹೊಂಬಾಳ ನೇರವಾಗಿ ನಿಂಗರಾಜುವಿನ ಮುಂದೆ ಹೋಗಿ ನಿಂತಳು.

"ಆ ಮಕ್ಕಳು... ನಲವತ್ತು ಮಕ್ಕಳು ಅಂದ್ರಲ್ಲ. ಅವ್ಕೇನಾಯ್ತು?"

ಅವನು ಅವಳ ಮುಖವನ್ನೇ ನೋಡಿದ. ಇಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವರು ಇವಳೊಬ್ಬಳೇ.

"ಬೇರೆ ಮದ್ದು ತಗಂಡು ಮಾರನೆ ದಿನ ಸೈಕಲ್ ಮೇಲೆ ಹೋಗಿ ಹಾಕಿ ಬಂದೆ. ಎಲ್ಲಾ ಚೆನ್ನಾಗವೆ."

ಹೊಂಬಾಳ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆಮೇಲೆ ಸೀಸೆಯನ್ನು ಅವನ ಕೈಗಿಟ್ಟಳು.

"ಇದು ಬೆಲ್ಲ ಅಲ್ಲ. ಅರಗು. ನಾನೇ ಉಯ್ದಿದ್ದು. ಈಗಲ್ಲ, ಐದು ವರ್ಸದ ಕೆಳಗೆ. ನಾನು ಗಾಡಿ ಓಡ್ಸಿ ಬೀಳ್ಸಿದ್ದೆ, ಟ್ಯಾಂಕು ತೂತಾಗಿತ್ತು. ಅಣ್ಣಯ್ಯ ಬೈಸ್ಕಬಾರ್ದು ಅಂತ ಮುಚ್ಚಿಟ್ವಿ. ಅಪ್ಪಯ್ಯಂಗೆ ಏನೂ ಗೊತ್ತಿಲ್ಲ. ತೆಪ್ಪು ನಂದು. ನಿಮ್ಮನ್ನ ಸುಳ್ಳುಗಾರ ಅಂದಿದ್ದೂ ತೆಪ್ಪು..."

ಅವಳು ಕೈ ಮುಗಿದಳು.

"ಹತ್ತೆರಿಕಿ!" ನಜೀರ್ ತೊಡೆ ತಟ್ಟಿದ. "ಅದಕ್ಕೇ ನಂಗೂ ಅನುಮಾನ! ಬೆಲ್ಲ ಪೆಟ್ರೋಲ್‌ನಲ್ಲಿ ಕರಗಾಕಿಲ್ವಲ್ಲ, ಇದೆಂಗೆ ಪಾಕ ಆಯ್ತು ಅಂತಿದ್ದೆ. ಅರಗು ಪೆಟ್ರೋಲಿಗೆ ಬಗ್ಗಾಕಿಲ್ಲ ಗೌಡ್ರೇ. ಆದ್ರೆ ಈ ಯುದ್ಧ ಬಂದ್ಮೇಲೆ ಪೆಟ್ರೋಲಿಗೆ ಕಬ್ಬಿನ ಮಡ್ಡಿಯಿಂದ ಇಳ್ಸಿದ ಸ್ಪಿರಿಟ್ ಬೆರಸ್ತಾವ್ರೆ. ಸ್ಪಿರಿಟ್ಟಲ್ಲಿ ಅರಗು ನೀರಾಯ್ತದೆ. ಬಡಗಿಗಳು ಪಾಲಿಶ್ ಮಾಡ್ತಾರಲ್ಲ, ಅದೇ ಇದು! ಪುಟ್ಟಸ್ವಾಮಿ ಮಡಗಿದ್ದ ಡಬ್ಬ ಹಳೇ ಪೆಟ್ರೋಲು. ಅದ್ರಲ್ಲಿ ಚೆನ್ನಾಗೋಡ್ತು. ಹೊಸದು ಬಿತ್ತು, ಕೆಟ್ಟೋಯ್ತು. ಯಾರೂ ಏನೂ ಮಾಡಿಲ್ಲ!"

ಅವನು ಟ್ಯಾಂಕನ್ನು ಎತ್ತಿ ಆಕಾಶಕ್ಕೆ ಹಿಡಿದ. ತಳದಲ್ಲಿ ಸಣ್ಣ ತೂತು. ಅದರೊಳಗಿಂದ ಬೆಳಕಿನ ಒಂದು ಚುಕ್ಕೆ ಬಂದು ಕರಿಯಪ್ಪನವರ ಪಂಚೆಯ ಮೇಲೆ ಬಿತ್ತು.

ಕರಿಯಪ್ಪ ಆ ಚುಕ್ಕೆಯನ್ನೇ ನೋಡಿದರು. ಮಗಳನ್ನು ಹೊಡೆಯುತ್ತಾರೇನೋ ಎಂದು ನಜೀರ್ ಒಂದು ಹೆಜ್ಜೆ ಮುಂದೆ ಬಂದ. ಆದರೆ ಅವರು ಬಗ್ಗಿ ಆ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದರು.

"ನನ್ನ ಮಗ... ನಿನ್ನ ಮುಂದೆ ಕೂರಿಸ್ಕಂಡು ಓಡ್ಸಕೆ ಕಲ್ಸಿದ್ನಾ?"

"ಊಂ ಅಪ್ಪಯ್ಯ."

"ನನಗೊಂದು ಮಾತು ಏಳ್ಲಿಲ್ವಲ್ಲವ್ವ. ಒಸಿ ಬೈತಿದ್ದೆ. ಆಮ್ಯಾಕೆ ನಾನೂ ನೋಡಾಕೆ ಬತ್ತಿದ್ದೆ ಏನೋ..." ಎಂದವರು ಟವಲಿನಿಂದ ಮುಖ ಒರೆಸಿಕೊಂಡರು. ನಿಂಗರಾಜುವಿನ ಕಡೆ ತಿರುಗಿ ಕೈ ಜೋಡಿಸಿದರು. "ದೋಸ ಇಲ್ಲ ಅಂದಿದ್ದೆ. ನನ್ನ ಮಾತು ಸುಳ್ಳಾಯ್ತು ಕಣಪ್ಪ. ಗಾಡಿ ವಾಪಸ್ ತಗತೀನಿ."

ನಿಂಗರಾಜು ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

"ಗೊತ್ತಿಲ್ದೆ ಹೇಳಿದ್ದು ಸುಳ್ಳಲ್ಲ ಗೌಡ್ರೇ. ಗೊತ್ತಿಲ್ದೆ ಒಬ್ಬರ ಮೇಲೆ ತಪ್ಪು ಹೊರಿಸ್ದೆ ನೋಡಿ, ಅದು ತಪ್ಪು. ಅದೂ ಹತ್ತು ಜನರ ಮುಂದೆ." ಅವನು ಹೊಂಬಾಳಮ್ಮನನ್ನು ನೋಡಿದ. "ಮದ್ದು ಕೆಟ್ಟಿದ್ದನ್ನ ಮೇಲಿನೋರಿಗೆ ನಾನೇ ಹೋಗಿ ಹೇಳ್ತೀನಿ. ಆದ್ರೆ ಗಾಡಿ ಮಾತ್ರ ವಾಪಸ್ ಕೊಡಲ್ಲ."

'ಇಷ್ಟಾದ ಮೇಲೂ ಏಕೆ ಕೊಡುವುದಿಲ್ಲ? ಇದರಲ್ಲಿ ಏನಿದೆ ಇವನಿಗೆ?'

ಹೊಂಬಾಳಮ್ಮನಿಗೆ ಮತ್ತೆ ಅನುಮಾನ! ಆದರೆ ಈ ಸಲದ ಅನುಮಾನ ಅದೇಕೋ ಎದೆಗೆ ಸಿಹಿಯಾಗಿತ್ತು.

* * *

ನಜೀರ್ ತೂತಿಗೆ ಗಟ್ಟಿ ಬೆಸುಗೆ ಹಾಕಿಕೊಟ್ಟ. ದಿನಗಳು ಉರುಳಿದವು. ಶಿವರಾತ್ರಿ ಬಂದು ಹೋಯಿತು. ನಾಲೆಯ ಏರಿಯ ಮೇಲೆ ಸದ್ದಾದರೆ ಸಾಕು, ಹೊಂಬಾಳಮ್ಮನ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಸಕ್ಕರೆ ಕಾರ್ಖಾನೆಯ ಲಾರಿಯೋ, ಸಂತೆಯ ಬಸ್ಸೋ ಆಗಿರುತ್ತಿತ್ತು. ಅವನು ಬರಲಿಲ್ಲ.

'ಏಕೆ ಬರುತ್ತಾನೆ? ತೂತು ಗಾಡಿ ಕೊಟ್ಟವರ ಮನೆಗೆ ಯಾರು ಬರುತ್ತಾರೆ?'

ಆಲೆಮನೆಯ ಕೊನೆಯ ದಿನ. ಕೊನೆಯ ಕೊಪ್ಪರಿಗೆ ಇಳಿಸಿದ್ದರು. ಆಗ ಕೇಳಿತು... ಫಟ್ ಫಟ್ ಫಟ್! ಆ ಸದ್ದನ್ನು ಅವಳು ಸಾವಿರ ಸದ್ದಿನಲ್ಲಿ ಗುರುತು ಹಿಡಿಯಬಲ್ಲಳು.

ನಿಂಗರಾಜು ಗಾಡಿ ನಿಲ್ಲಿಸಿ ಇಳಿದ. ಕರಿಯಪ್ಪ ಅಚ್ಚುಗಳ ಕಡೆ ನಡೆದರು. ಅಚ್ಚಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಆದರೂ ಬಹಳ ಗಮನವಿಟ್ಟು ನೋಡತೊಡಗಿದರು.

"ಕೆಲಸ ಉಳೀತಾ?" ಕೇಳಿದಳು ಹೊಂಬಾಳ.

"ಚೆನ್ನಾಗಿ ಬೈಸ್ಕಂಡೆ. ಉಳೀತು."

"ಮತ್ತೆ... ಗಾಡಿ ನಿಂತೋಯ್ತಾ?"

"ಇಲ್ಲ. ನೀವು ಹೇಳಿದ್ದು ಮಾತ್ರ ನಿಜ. ಇದು ನನ್ ಹತ್ರ ನಿಲ್ಲಲ್ಲ. ಹಲಗೂರಿಗೆ ಅಂತ ಹೊರಟ್ರೆ ಹೊಳಲಿನ ಕಡೆ ತಿರುಗ್ತದೆ. ಎಷ್ಟು ದಿನ ಅಂತ ಹಿಡಿದು ತಿರುಗಿಸ್ಲಿ ಹೊಂಬಾಳ?"

ಅವಳ ಹೆಸರು ಅವನ ಬಾಯಲ್ಲಿ ಮೊದಲ ಸಲ ಬಂದಿತ್ತು. ಅವಳು ಸೆರಗಿನ ತುದಿ ಸುತ್ತುತ್ತ ನಿಂತಳು.

"ನಿಮ್ಮಪ್ಪಯ್ಯನ್ನ ಕೇಳೋಕೆ ಮುಂಚೆ ನಿಮ್ಮನ್ನೇ ಕೇಳ್ಬೇಕು ಅಂತ ಬಂದೆ. ಆವತ್ತು ಹ್ಯಾಂಡಲ್ ಹಿಡ್ಕಂಡು ಕಣ್ಣೀರು ತುಂಬ್ಕಂಡು ನಿಂತಿದ್ರಲ್ಲ, ಆವತ್ತೇ... ಅದಕ್ಕೇ ನೀವು ಹಂಗೆ ಮಾಡಿದ್ರಿ ಅಂದುಕೊಂಡಾಗ ಅಷ್ಟೊಂದು ನೋವಾಯ್ತು. ನನ್ನ ಮದುವೆ ಆಯ್ತೀರಾ?"

ಹೊಂಬಾಳ ಸುತ್ತಿದ್ದ ಸೆರಗಿನ ತುದಿ ಬಿಟ್ಟಳು. ಆಮೇಲೆ ತಲೆಯೆತ್ತಿ ಅವನನ್ನು ನೆಟ್ಟಗೆ ನೋಡಿದಳು.

"ಈ ಸಲ ದೋಸ ಮುಚ್ಚಿಡಾಕಿಲ್ಲ. ಮೊದ್ಲೇ ಏಳ್ಬುಡ್ತೀನಿ. ನಂಗೆ ಹಟ ಜಾಸ್ತಿ."

"ಗೊತ್ತು."

"ಯಾರನ್ನೂ ಬ್ಯಾಗ ನಂಬಾಕಿಲ್ಲ."

"ಅದೂ ಗೊತ್ತು. ನಂದೂ ಕೇಳಿ. ದುಡುಕು. ಬೆಲ್ಲಕ್ಕೂ ಅರಗಿಗೂ ವ್ಯತ್ಯಾಸ ಗೊತ್ತಾಗಲ್ಲ. ಇನ್ನೇನಾದ್ರೂ ಇದೆಯಾ?"

"ಇನ್ನೊಂದದೆ." ಅವಳ ದನಿ ಸಣ್ಣದಾಯಿತು. "ಒಂದೂವರೆ ತಿಂಗಳಿಂದ ನಾಲೆ ಏರಿ ಕಡೀಕೆ ಕಿವಿ ಕೊಟ್ಟು ಕೂತಿದ್ದೆ. ಕೆಲ್ಸ ಒಂದೂ ನೆಟ್ಟಗೆ ಮಾಡಿಲ್ಲ. ಅವ್ವನ್ತವ ದಿನಾ ಬೈಸ್ಕಂಡೆ..."

ನಿಂಗರಾಜುವಿನ ಕಣ್ಣು ತುಂಬಿತು. ಹೊಂಬಾಳ ಮುತ್ತುಗದ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿ ಅವನ ಮುಂದೆ ಹಿಡಿದಳು.

"ಬೇಡ ಅನ್ನಲ್ಲ ತಾನೆ?"

ಅವನು ಎಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬಾಯಿಗಿಟ್ಟುಕೊಂಡ. ಬಿಸಿಗೆ ನಾಲಗೆ ಸುಟ್ಟಿತು, ಆದರೂ ಉಗುಳಲಿಲ್ಲ.

"ಏನಪ್ಪಾ, ಬೆಲ್ಲ ಎಂಗದೆ?" ಅಚ್ಚಿನ ಕಡೆಯಿಂದಲೇ ಕೂಗಿದರು ಕರಿಯಪ್ಪ.

"ಒಂದು ದೋಷ ಇಲ್ಲ ಗೌಡ್ರೇ!"

"ಸುಳ್ಳು ಏಳ್ಬೇಡಿ," ಎಂದು ಹೊಂಬಾಳ ಮೆಲ್ಲಗೆ ಗದರಿದಳು. "ದೋಸ ಎಲ್ಲ ಈಗ್ತಾನೆ ಏಳಿದ್ದೀನಲ್ಲ."

"ಎಲ್ಲಾ ಕೇಳಿ, ಗೊತ್ತಿದ್ದೇ ಒಪ್ಕಂಡಿದ್ದೀನಿ. ಇನ್ನು ವಾಪಸ್ ಮಾತಿಲ್ಲ."

ಅವಳು ಮೊದಲ ಸಲ ಅವನೆದುರು ನಕ್ಕಳು. ಗಾಡಿಯ ಹತ್ತಿರ ಹೋಗಿ, ಅಂದು ಬಿಟ್ಟುಕೊಟ್ಟಿದ್ದ ಹ್ಯಾಂಡಲಿನ ಮೇಲೆ ಕೈಯಿಟ್ಟಳು.

"ಆಯ್ತು. ಆದ್ರೆ ನಾಲೆ ಏರಿ ಮ್ಯಾಲೆ ಮಾತ್ರ ನೀವು ಹಿಂದೆ ಕೂರ್ಬೇಕು."